ದುಡಿಯುವ ಕೈ ನೋಯುವಾಗ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆಯದ ಮಳೆಗಾಲವಿಲ್ಲ. ಕಾಫಿಯ ಕಾಂಡಕೊರಕ, ಕಾಯಿಕೊರಕಗಳ ಬಗ್ಗೆ ಬರೆಯದ ವರ್ಷವಿಲ್ಲ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬುದನ್ನು ನಮ್ಮ ಸದಸ್ಯರು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಆದರೆ ಆ ಗೊನೆಯನ್ನು ಇಳಿಸುವ, ಆ ಹಣ್ಣನ್ನು ಕುಯ್ಯುವ, ಆ ಅಡಿಕೆಯನ್ನು ಸುಲಿಯುವ ಕೈಗೆ ಬರುವ ರೋಗದ ಬಗ್ಗೆ ಇದುವರೆಗೆ ಒಂದು ಪುಟವನ್ನೂ ನಾವು ಮೀಸಲಿಟ್ಟಿರಲಿಲ್ಲ. ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದಾಗ ಈ ಲೋಪ ನಮ್ಮ ಗಮನಕ್ಕೆ ಬಂದು ನಾಚಿಕೆಯಾಯಿತು.

ಹಾಗೆ ತಿರುವಿ ಹಾಕಲು ಕಾರಣವಾದದ್ದು ನಮ್ಮ ಸದಸ್ಯರೊಬ್ಬರ ಮನೆಯ ಸಂಗತಿ. ಅವರದು ಎರಡೆಕರೆ ತೋಟ. ಸುಲಿಯುವುದಕ್ಕೆ ಆಳು ಸಿಗದ ಮೇಲೆ ಮನೆಯಾಕೆಯೇ ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಸುಲಿತದ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದಾದರೂ ಏಳುತ್ತಿರಲಿಲ್ಲ. ಮೂರು ವರ್ಷದಿಂದ ನಡುರಾತ್ರಿ ಬಲಗೈ ಜೋಮು ಹಿಡಿದು ಅವರಿಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹಗುರ. ‘ವಾಯು ಇರಬೇಕು’ ಎಂದು ಒಬ್ಬರು ಎಣ್ಣೆ ಕೊಟ್ಟರು. ‘ವಯಸ್ಸಾಯಿತಲ್ಲ’ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಕೊನೆಗೆ ಅಂಗಿಯ ಗುಂಡಿ ಹಾಕಲಾಗದೆ, ತುಂಬಿದ ಚೊಂಬು ಕೈಯಿಂದ ಜಾರತೊಡಗಿದ ಮೇಲೆ ಪೇಟೆಯ ವೈದ್ಯರಲ್ಲಿಗೆ ಹೋದರು. ಅಷ್ಟು ಹೊತ್ತಿಗೆ ಹೆಬ್ಬೆರಳ ಬುಡದ ಮಾಂಸಖಂಡ ಇಳಿದು ಗುಳಿಬಿದ್ದಿತ್ತು. ಶಸ್ತ್ರಚಿಕಿತ್ಸೆಯಾಯಿತು. ರಾತ್ರಿಯ ನೋವು ನಿಂತಿತು. ಆದರೆ ಹೆಬ್ಬೆರಳಿನ ಶಕ್ತಿ ಪೂರ್ತಿ ಮರಳಲಿಲ್ಲ. ‘ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ’ ಎಂದು ವೈದ್ಯರು ಹೇಳಿದರಂತೆ.

ಮೊದಲೇ ಎಂದರೆ ಯಾವಾಗ? ಹೋಗಬೇಕಾದದ್ದು ಯಾರ ಬಳಿಗೆ? ಮಾಡಬೇಕಾದದ್ದು ಏನು? ಈ ಪ್ರಶ್ನೆಗಳಿಗೆ ನಮಗೆ ಉತ್ತರ ಸಿಕ್ಕಿದ್ದು ನಮ್ಮ ಮಲೆನಾಡಿನಲ್ಲಿ ಅಲ್ಲ. ಅಡಿಕೆ ಮರವನ್ನಾಗಲಿ ಕಾಫಿ ಗಿಡವನ್ನಾಗಲಿ ಕಾಣದ ಕಲಬುರಗಿ ಸೀಮೆಯ ಬಿಸಿಲಿನಲ್ಲಿ.

ಕಲ್ಲು ನೋಡಲು ಹೋದವರು

ನಮ್ಮಲ್ಲಿ ಅನೇಕರ ಮನೆಯ ಜಗುಲಿಗೆ, ನಡುಮನೆಗೆ ಹಾಸಿರುವುದು ಶಹಾಬಾದ್ ಕಲ್ಲು. ಅಂಗಳಕ್ಕೂ ಗೋದಾಮಿಗೂ ಅದೇ ಕಲ್ಲು ಆದೀತೇ ಎಂದು ವಿಚಾರಿಸಿ ಬರಲು ನಾವು ನಾಲ್ಕು ಜನ ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿ ನಸುಕಿನಲ್ಲಿ ವಾಡಿ ಜಂಕ್ಷನ್ನಿನಲ್ಲಿ ಇಳಿದೆವು. ಎಳ್ಳು ಅಮಾವಾಸ್ಯೆ ಕಳೆದು ವಾರವಾಗಿತ್ತು. ವಾಡಿಯಿಂದ ಮುಂಬಯಿಯ ದಿಕ್ಕಿಗೆ ಹೋದರೆ ಶಹಾಬಾದ್; ಸಿಕಂದರಾಬಾದಿನ ದಿಕ್ಕಿಗೆ ಹೊರಳಿದರೆ ಚಿತ್ತಾಪುರ, ಮಳಖೇಡ, ಸೇಡಂ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದು ಶಾಲೆಯಲ್ಲಿ ಓದಿದ್ದು ಇದೇ ಮಳಖೇಡವನ್ನು. ಕಾಗಿಣಾ ನದಿಯ ಈ ಆಸುಪಾಸಿನಲ್ಲೆಲ್ಲ ನೆಲದಡಿ ಇರುವುದು ಪದರು ಪದರಾದ ಸುಣ್ಣಕಲ್ಲು. ಸುಟ್ಟು ಅರೆದರೆ ಅದು ಸಿಮೆಂಟು. ಪದರು ಬಿಡಿಸಿದರೆ ಹಾಸುಗಲ್ಲು. ಅಲ್ಲಿಯವರ ಬಾಯಲ್ಲಿ ಅದಕ್ಕೆ ಫರಸಿ ಎಂದು ಹೆಸರು.

ಚಿತ್ತಾಪುರದ ಕಡೆಯ ಒಂದು ಖಣಿಯಲ್ಲಿ ಫರಸಿ ಎಬ್ಬಿಸುವುದನ್ನು ನೋಡುತ್ತ ನಿಂತೆವು. ಈಗ ಯಂತ್ರಗಳೂ ಬಂದಿವೆ. ಆದರೂ ಗೆರೆ ಹಾಕಿ, ಉಳಿ ಇಟ್ಟು, ಸುತ್ತಿಗೆಯಿಂದ ಹೊಡೆದು, ಹಾರೆಯಿಂದ ಮೀಟುವ ಕೈಕೆಲಸ ನಿಂತಿಲ್ಲ. ನಲವತ್ತರ ಆಸುಪಾಸಿನ ಒಬ್ಬರು ನಾಲ್ಕು ಏಟು ಹಾಕುವುದು, ಎಡಗೈ ಕೊಡವುವುದು, ಮತ್ತೆ ಉಳಿ ಹಿಡಿಯುವುದು ಮಾಡುತ್ತಿದ್ದರು. ಆ ಕೊಡವುವಿಕೆ ನಮಗೆ ಪರಿಚಿತವಾದದ್ದು. ‘ಏನಾಯಿತು?’ ಎಂದು ಕೇಳಿದೆವು.

‘ರಾತ್ರಿ ಆಯ್ತಂದ್ರ ಕೈ ಜೋಮ್ ಹಿಡೀತಿತ್ರಿ. ಝಾಡಿಸಿದ್ರ ಕಮ್ಮಿ ಆಗ್ತಿತ್ತು. ಮುಂಜಾನಿ ಸುತ್ತಿಗಿ ಹಿಡಿಲಕ್ ಬರ್ತಿರಲಿಲ್ಲ. ಈಗ ಆರಾಮ ಅದರಿ. ಸೇಡಂಕ ಹೋಗಿ ವ್ಯಾಯಾಮ ಕಲ್ತು ಬಂದೀನಿ. ರಾತ್ರಿ ಪಟ್ಟಿ ಕಟ್ಕೊಂಡು ಮಲಗ್ತೀನಿ.’

ಅವರ ಜೋಮು ಶುರುವಾಗಿ ನಾಲ್ಕು ತಿಂಗಳಾಗಿತ್ತು ಅಷ್ಟೆ. ನಮ್ಮೂರ ಹೆಂಗಸಿನದು ಮೂರು ವರ್ಷ. ಲಕ್ಷಣ ಒಂದೇ, ಫಲ ಬೇರೆ. ಮಾರನೆಯ ದಿನ ನಾವೂ ಸೇಡಂನ ಆ ಫಿಸಿಯೋಥೆರಪಿಸ್ಟರನ್ನು ಕಂಡೆವು.

ಮೊದಲ ಪ್ರಶ್ನೆ

ಅವರ ಕೋಣೆಯಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಒಂದು ಮಂಚ, ಒಂದು ಮೇಜು, ನಾಲ್ಕಾರು ಬಗೆಯ ಪಟ್ಟಿಗಳು. ಬಂದವರಿಗೆ ಅವರು ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ನೋವು’ ಎಂದಲ್ಲ. ‘ಏನ್ ಕೆಲ್ಸ ಮಾಡ್ತೀರಿ? ಮಾಡಿ ತೋರಸ್ರಿ’ ಎಂದು. ಫರಸಿ ಒಡೆಯುವವರು ಉಳಿ ಹಿಡಿದು ತೋರಿಸಬೇಕು. ಹೆಂಗಸರು ರೊಟ್ಟಿ ಬಡಿದು ತೋರಿಸಬೇಕು. ಸಿಮೆಂಟಿನ ಊರಾದ ವಾಡಿಯಿಂದ ಬಂದ ಗಾಡಿ ಓಡಿಸುವವರು ಗೇರು ಹಿಡಿದಂತೆ ನಟಿಸಬೇಕು.

ಈ ಪ್ರಶ್ನೆ ಹೊಸದಲ್ಲ. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿ ಕಸುಬಿನಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದು, ರೋಗಿಗೆ ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬು ಯಾವುದು’ ಎಂಬುದನ್ನೂ ವೈದ್ಯರು ಸೇರಿಸಬೇಕೆಂದು ಹೇಳಿದ. ಇಂದಿಗೂ ಎಷ್ಟೋ ಕಡೆ ಇದನ್ನು ಕೇಳುವುದಿಲ್ಲ. ಆದ್ದರಿಂದ ನಮ್ಮ ಸದಸ್ಯರು, ಯಾರೂ ಕೇಳದಿದ್ದರೂ, ‘ನಾನು ದಿನಕ್ಕೆ ಇಷ್ಟು ಗಂಟೆ ಅಡಿಕೆ ಸುಲಿಯುತ್ತೇನೆ’, ‘ಕಳೆ ಹೊಡೆಯುವ ಯಂತ್ರ ಹಿಡಿಯುತ್ತೇನೆ’ ಎಂದು ತಾವಾಗಿಯೇ ಹೇಳುವುದು ಒಳ್ಳೆಯದು.

ಫಿಸಿಯೋಥೆರಪಿ ಎಂದರೆ ಔಷಧಿಯನ್ನೇ ನಂಬದೆ ವ್ಯಾಯಾಮ, ಆಧಾರದ ಪಟ್ಟಿ, ಶಾಖ, ಕೈಯಿಂದ ಮಾಡುವ ಚಿಕಿತ್ಸೆ, ಕೆಲಸದ ರೀತಿಯ ತಿದ್ದುಪಡಿ ಇವುಗಳಿಂದ ಅಂಗವನ್ನು ಮತ್ತೆ ಬಳಕೆಗೆ ತರುವ ವಿದ್ಯೆ. ನಮ್ಮ ದೇಶದಲ್ಲಿ ಇದರ ಶಿಕ್ಷಣ 1952ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಈಗ ಇದಕ್ಕೆ ಬಿ.ಪಿ.ಟಿ. ಎಂಬ ಪದವಿಯಿದೆ. ಎಣ್ಣೆ ತಿಕ್ಕುವವರೆಲ್ಲ, ಕೈ ‘ಎಳೆಯುವವರೆಲ್ಲ’ ಫಿಸಿಯೋಥೆರಪಿಸ್ಟರಲ್ಲ. ಪದವಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇದಕ್ಕೊಂದು ವಿಭಾಗವಿರುತ್ತದೆ.

ಮಣಿಕಟ್ಟಿನೊಳಗೆ ಏನಿದೆ?

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಯಾಗಿ, ಅಂಗೈಯ ಕಡೆಯಿಂದ ಒಂದು ಗಟ್ಟಿ ಪಟ್ಟಿ ಅದನ್ನು ಮುಚ್ಚಿ, ನಡುವೆ ಒಂದು ಇಕ್ಕಟ್ಟಾದ ಕೊಳವೆಯಾಗಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಆ ಕೊಳವೆಯೊಳಗಿಂದಲೇ ಹಾಯ್ದು ಬರುತ್ತವೆ. ತೋಟದಲ್ಲಿ ನೀರಿನ ಪೈಪು ಹೂತಿರುವ ಅದೇ ಕಾಲುವೆಯಲ್ಲಿ ಕರೆಂಟಿನ ತಂತಿಯನ್ನೂ ಎಳೆದಂತೆ ಎಂದುಕೊಳ್ಳಬಹುದು. ಒಂದೇ ಚಲನೆಯನ್ನು ಬಿಗಿ ಹಿಡಿತದಿಂದ ಸಾವಿರ ಸಲ ಮಾಡಿದರೆ ರಜ್ಜುಗಳ ಹೊದಿಕೆ ದಪ್ಪವಾಗುತ್ತದೆ. ಕೊಳವೆ ಹಿಗ್ಗುವುದಿಲ್ಲ. ಒತ್ತಡ ಬೀಳುವುದು ನರದ ಮೇಲೆ.

ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ; ಹೆಬ್ಬೆರಳ ಬುಡದ ಮಾಂಸಖಂಡಕ್ಕೆ ಶಕ್ತಿ ಕೊಡುತ್ತದೆ. ಆದ್ದರಿಂದ ಕಿರುಬೆರಳನ್ನು ಬಿಟ್ಟು ಉಳಿದ ಬೆರಳು ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗುವುದು, ಕೊಡವಿದರೆ ಕಡಿಮೆಯಾಗುವುದು ಈ ರೋಗದ ಗುರುತು. ವೈದ್ಯರು ಇದನ್ನು ಕಾರ್ಪಲ್ ಟನಲ್ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡಿನ ಕೊರತೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಇನ್ನೂ ಸುಲಭವಾಗಿ ಬರುತ್ತದೆ. ಆದ್ದರಿಂದ ಜೋಮಿಗೆ ಕೆಲಸವೊಂದನ್ನೇ ದೂರದೆ ರಕ್ತಪರೀಕ್ಷೆಯನ್ನೂ ಮಾಡಿಸಬೇಕು.

ಇದನ್ನು ಮನೆಯಲ್ಲೇ ಸ್ಥೂಲವಾಗಿ ಪರೀಕ್ಷಿಸಬಹುದು. ಎರಡೂ ಕೈಗಳ ಹಿಂಭಾಗವನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲ ನೋಡುವಂತೆ ಒಂದು ನಿಮಿಷ ಹಿಡಿಯಿರಿ. ಆ ಮೂರು ಬೆರಳುಗಳಲ್ಲಿ ಜುಮುಜುಮು ಶುರುವಾದರೆ ಅನುಮಾನ ಬಲವಾಯಿತು. ಆಗದಿದ್ದರೂ ರಾತ್ರಿ ಎಚ್ಚರವಾಗುತ್ತಿದ್ದರೆ ಉದಾಸೀನ ಬೇಡ.

ಎರಡನೆಯ ಬಗೆಯ ನೋವು ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹೊರ ಅಂಚಿನಲ್ಲಿ ಬರುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ಇದರಲ್ಲಿ ಜೋಮಿಲ್ಲ, ಚುಚ್ಚುವ ನೋವು. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿದರೆ ಪ್ರಾಣ ಹೋದಂತಾಗುತ್ತದೆ. ಕತ್ತರಿಯಿಂದ ಗಿಡ ಸವರುವವರಲ್ಲಿ, ಬಟ್ಟೆ ಹಿಂಡುವವರಲ್ಲಿ, ಎಳೆಯ ಮಗುವನ್ನು ಎತ್ತುವ ತಾಯಂದಿರಲ್ಲಿ ಇದನ್ನು ಕಾಣಬಹುದು.

ಮೂರನೆಯದು ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು, ಬಿಡಿಸಿದಾಗ ‘ಟಕ್’ ಎನ್ನುವುದು. ಬೆಳಗಿನ ಹೊತ್ತು ಇದು ಹೆಚ್ಚು.

ಚಿಕಿತ್ಸೆಯ ಕ್ರಮ

ಜೋಮಿನ ರೋಗಕ್ಕೆ ಸೇಡಂನಲ್ಲಿ ನಮಗೆ ತೋರಿಸಿದ ಮೊದಲ ಮದ್ದು ರಾತ್ರಿ ಕಟ್ಟುವ ಪಟ್ಟಿ. ನಿದ್ದೆಯಲ್ಲಿ ನಾವು ಕೈ ಮಡಿಚಿ ಮಲಗುವುದರಿಂದ ಕೊಳವೆ ಇನ್ನಷ್ಟು ಇಕ್ಕಟ್ಟಾಗುತ್ತದೆ. ಮಣಿಕಟ್ಟು ನೆಟ್ಟಗೆ ನಿಲ್ಲುವಂತೆ, ಬೆರಳುಗಳು ಆಡುವಂತೆ, ರಕ್ತ ನಿಲ್ಲದಷ್ಟು ಸಡಿಲವಾಗಿ ಪಟ್ಟಿ ಕಟ್ಟಬೇಕು. ಆರು ವಾರವಾದರೂ ಬಿಡದೆ ಕಟ್ಟಬೇಕು. ನಾಲ್ಕು ರಾತ್ರಿ ಕಟ್ಟಿ ‘ಗುಣ ಕಾಣಲಿಲ್ಲ’ ಎನ್ನುವವರೇ ಹೆಚ್ಚು ಎಂದು ಅವರು ನಕ್ಕರು.

ಎರಡನೆಯದು ರಜ್ಜುಗಳನ್ನು ಜಾರಿಸುವ ವ್ಯಾಯಾಮ. ಮೊದಲು ಕೈ ನೆಟ್ಟಗೆ ಹಿಡಿದು ಬೆರಳು ಚಾಚಿ. ಆಮೇಲೆ ಮೇಲಿನ ಎರಡು ಗೆಣ್ಣು ಮಾತ್ರ ಮಡಿಸಿ ಕೊಕ್ಕೆಯಂತೆ ಮಾಡಿ. ಮತ್ತೆ ನೆಟ್ಟಗೆ. ಆಮೇಲೆ ಪೂರ್ತಿ ಮುಷ್ಟಿ. ಮತ್ತೆ ನೆಟ್ಟಗೆ. ಆಮೇಲೆ ಬುಡದ ಗೆಣ್ಣಿನಲ್ಲಿ ಮಾತ್ರ ಮಡಿಸಿ, ಬೆರಳುಗಳು ಮೇಜಿನ ಹಲಗೆಯಂತೆ ಇರಲಿ. ಮತ್ತೆ ನೆಟ್ಟಗೆ. ಕೊನೆಗೆ ತುದಿಯ ಗೆಣ್ಣು ಮಡಿಸದೆ, ಬೆರಳ ತುದಿ ಅಂಗೈಯ ಬುಡ ಮುಟ್ಟುವಂತೆ ಮಡಿಸಿ. ಇದು ಒಂದು ಸುತ್ತು. ಹೀಗೆ ಐದರಿಂದ ಹತ್ತು ಸುತ್ತು, ದಿನಕ್ಕೆ ಎರಡು ಮೂರು ಬಾರಿ, ನಿಧಾನವಾಗಿ. ಜೋಮು ಹೆಚ್ಚಾದರೆ ನಿಲ್ಲಿಸಿ, ಕಲಿಸಿದವರನ್ನು ಕೇಳಬೇಕು.

ಮೂರನೆಯದು ಮುಂಗೈಯ ಎಳೆತ. ತೋಳು ಮುಂದೆ ಚಾಚಿ, ಇನ್ನೊಂದು ಕೈಯಿಂದ ಅಂಗೈಯನ್ನು ಹಿಂದಕ್ಕೆ ಮೆಲ್ಲನೆ ಬಾಗಿಸಿ ಹದಿನೈದು ಇಪ್ಪತ್ತು ಎಣಿಸುವವರೆಗೆ ಹಿಡಿಯುವುದು, ಹಾಗೆಯೇ ಕೆಳಕ್ಕೆ. ಸುಲಿಯಲು ಕೂರುವ ಮೊದಲು, ನಡುವೆ ಏಳುವಾಗ ಇದನ್ನು ಮಾಡಿದರೆ ಕೈ ಹಗುರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೈ ನೋವೆಂದರೆ ರಬ್ಬರ್ ಚೆಂಡು ಕೊಂಡು ದಿನವಿಡೀ ಹಿಸುಕುವುದು ನಮ್ಮಲ್ಲಿ ರೂಢಿ. ನರ ಒತ್ತಿಕೊಂಡಿರುವಾಗ ಬಿಗಿಯಾಗಿ ಹಿಸುಕಿದರೆ ರೋಗ ಹೆಚ್ಚುತ್ತದೆ. ಶಕ್ತಿ ಬರಿಸುವ ವ್ಯಾಯಾಮ ನೋವು ಇಳಿದ ಮೇಲೆ, ಕ್ರಮೇಣ ಬರಬೇಕಾದದ್ದು. ಹಾಗೆಯೇ ಸ್ಪರ್ಶವಿಲ್ಲದ ಕೈಗೆ ಕಾದ ಇಟ್ಟಿಗೆ, ಬಿಸಿನೀರಿನ ಶಾಖ ಕೊಟ್ಟು ಸುಟ್ಟುಕೊಂಡವರಿದ್ದಾರೆ. ಬಿಸಿಯನ್ನು ಮೊದಲು ಚೆನ್ನಾಗಿರುವ ಕೈಯಿಂದ ಮುಟ್ಟಿ ನೋಡಬೇಕು. ಬರೆ ಹಾಕಿಸುವುದಂತೂ ಸರ್ವಥಾ ಕೂಡದು.

ಹೆಬ್ಬೆರಳ ಬುಡದ ನೋವಿಗೆ ಹೆಬ್ಬೆರಳನ್ನೂ ಸೇರಿಸಿ ಕಟ್ಟುವ ಬೇರೆ ಪಟ್ಟಿ ಬೇಕು. ಕೆಲವು ವಾರ ಹೆಬ್ಬೆರಳಿಗೆ ವಿಶ್ರಾಂತಿ ಬೇಕು. ಇಷ್ಟರಿಂದ ಗುಣವಾಗದಿದ್ದರೆ ವೈದ್ಯರು ಸೂಜಿಮದ್ದು ಕೊಡುತ್ತಾರೆ. ಜೋಮಿನ ರೋಗದಲ್ಲಿ ನರದ ಪರೀಕ್ಷೆ ಮಾಡಿಸಿ, ಬೇಕಾದರೆ ಕೊಳವೆಯ ಮೇಲಿನ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ. ಅದು ದೊಡ್ಡ ಶಸ್ತ್ರಚಿಕಿತ್ಸೆಯಲ್ಲ. ಹೆಬ್ಬೆರಳ ಮಾಂಸ ಇಳಿಯುವ ಮೊದಲೇ ಆಗಬೇಕು, ಅಷ್ಟೆ.

‘ಮೊದಲೇ ಎಂದರೆ ಯಾವಾಗ’ ಎಂಬ ನಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಇದು: ಎರಡು ಮೂರು ವಾರ ರಾತ್ರಿಯ ಜೋಮು ಮರಳಿ ಮರಳಿ ಬಂದರೆ ಹೋಗಬೇಕು. ಹಗಲಲ್ಲೂ ಸ್ಪರ್ಶ ಮಂದವಾದರೆ, ಕೈಯಿಂದ ಸಾಮಾನು ಜಾರಿದರೆ, ಸುಲಿತ ಮುಗಿಯಲಿ ಎಂದು ಕಾಯದೆ ಅದೇ ವಾರ ಹೋಗಬೇಕು.

ಎಲ್ಲ ಕೈನೋವೂ ದುಡಿಮೆಯದಲ್ಲ

ಮಳೆಗಾಲದಲ್ಲಿ ತೋಟದ ಕಾಲುದಾರಿಯಲ್ಲಿ ಜಾರಿ ಕೈಯೂರಿ ಬೀಳುವುದು ನಮ್ಮಲ್ಲಿ ಸಾಮಾನ್ಯ. ಬಿದ್ದ ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದ್ದರೆ ಅಲ್ಲಿನ ಸಣ್ಣ ಮೂಳೆ ಬಿರುಕು ಬಿಟ್ಟಿರಬಹುದು. ಈ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದುಂಟು. ನೋವು ಉಳಿದರೆ ಹತ್ತು ಹದಿನಾಲ್ಕು ದಿನದ ಮೇಲೆ ಮತ್ತೊಮ್ಮೆ ತೆಗೆಸಬೇಕು. ಅಲ್ಲಿಯವರೆಗೆ ಉಳುಕು ತೆಗೆಯುವವರ ಕೈಗೆ ಕೊಡಬಾರದು.

ಕತ್ತಿನಿಂದ ತೋಳಿನುದ್ದಕ್ಕೂ ಇಳಿಯುವ ಜೋಮು ಕತ್ತಿನ ಮೂಳೆಯದಿರಬಹುದು. ಎದೆಯ ಬಿಗಿತದೊಂದಿಗೆ ಬರುವ ಎಡಗೈ ನೋವು, ಮುಖ ಸೊಟ್ಟಗಾಗಿ ಮಾತು ತೊದಲಿ ಕೈ ಬಿದ್ದುಹೋಗುವುದು, ಇವೆರಡರಲ್ಲೂ ಒಂದು ಗಳಿಗೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮುಳ್ಳು ಚುಚ್ಚಿ ಕೈ ಊದಿ ಕೆಂಪಾಗಿ ಜ್ವರ ಬಂದರೂ ಹಾಗೆಯೇ.

ಕೈಯಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ, ಗೊತ್ತಾಗದೆ ಬೆರಳು ಸುಟ್ಟುಕೊಳ್ಳುತ್ತಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲು ಹಿಂಜರಿಯಬಾರದು. 1980ರ ದಶಕದಲ್ಲಿ ಬಂದ ಬಹುವಿಧ ಔಷಧದಿಂದ ಅದು ಪೂರ್ತಿ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. 1940ರ ದಶಕದ ಕೊನೆಯಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಇಂತಹ ರೋಗಿಗಳ ಮಡಚಿಕೊಂಡ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೆಲಸಕ್ಕೆ ತಂದರು. ಆ ಕೈಗಳು ಹಾಳಾಗುತ್ತಿದ್ದುದು ನೋವೇ ತಿಳಿಯದಿದ್ದುದರಿಂದ ಎಂಬುದನ್ನೂ ಅವರು ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಾದ ಕೈಗೆ ಹೊಸದಾಗಿ ಚಲನೆ ಕಲಿಸುವ ಕೆಲಸವನ್ನು ಅಲ್ಲಿಯೂ ಫಿಸಿಯೋಥೆರಪಿಯೇ ಮಾಡಿತು.

ಚಿಂಚೋಳಿಯ ರೊಟ್ಟಿ

ಸೇಡಂನಿಂದ ಬಸ್ಸು ಹಿಡಿದು ಚಿಂಚೋಳಿಗೂ ಹೋದೆವು. ಅಲ್ಲಿ ತೊಗರಿ ಕೊಯ್ಲು ಮುಗಿಯುತ್ತ ಬಂದಿತ್ತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಶಿರಸಿ ಸುಪಾರಿಗೂ ಚಿಕ್ಕಮಗಳೂರು, ಕೊಡಗುಗಳ ಅರೇಬಿಕಾ ಕಾಫಿಗೂ ಅದೇ ವರ್ಷ ಸಿಕ್ಕಿದ್ದು ಸದಸ್ಯರಿಗೆ ನೆನಪಿರಬಹುದು. ಬೆಳೆ ಬೇರೆಯಾದರೂ ಅದರ ಹಿಂದಿರುವ ಕೈಗಳ ಪಾಡು ಒಂದೇ. ಹೊಲದಲ್ಲಿ ಕುಡುಗೋಲು ಹಿಡಿದಿದ್ದ ಒಬ್ಬ ತಾಯಿಯನ್ನು ಕೈ ನೋವಿದೆಯೇ ಎಂದು ಕೇಳಿದೆವು.

‘ತೊಗರಿ ಕೊಯ್ದು ಬಂದ ಮ್ಯಾಲ ಮನಿ ಮಂದಿಗೆಲ್ಲ ರೊಟ್ಟಿ ಬಡೀಬೇಕಲ್ರಿ ಯಣ್ಣಾ. ಹೊಲದಾಗಿನ ಕೆಲಸಕ್ಕ ಕೂಲಿ ಅದ. ರೊಟ್ಟಿಗಿ ಏನದ?’ ಎಂದರು.

ಜೋಳದ ಹಿಟ್ಟನ್ನು ನಾದಿ, ಅಂಗೈಯಿಂದ ಬಡಿದು ಬಡಿದು ಅಗಲಿಸುವ ಆ ಕೆಲಸವನ್ನು ನೋಡಿದವರಿಗೆ ಮಣಿಕಟ್ಟಿನ ದುಡಿಮೆ ಎಂಥದೆಂದು ತಿಳಿಯುತ್ತದೆ. ನಮ್ಮ ಮನೆಗಳಲ್ಲೂ ಹೀಗೆಯೇ. ಹಗಲೆಲ್ಲ ಹಣ್ಣು ಕುಯ್ದ ಕೈ ಸಂಜೆ ಬಟ್ಟೆ ಹಿಂಡುತ್ತದೆ, ಕಾಯಿ ತುರಿಯುತ್ತದೆ, ಹಾಲು ಕರೆಯುತ್ತದೆ. ‘ವಿಶ್ರಾಂತಿ ಕೊಡಿ’ ಎಂದು ವೈದ್ಯರು ಹೇಳಿದಾಗ ಗಂಡಸಿಗೆ ತೋಟದ ಕೆಲಸ ಬಿಟ್ಟರೆ ವಿಶ್ರಾಂತಿ. ಹೆಂಗಸಿಗೆ ಹಾಗಲ್ಲ. ಪಟ್ಟಿ ಕಟ್ಟಿಕೊಂಡ ಆರು ವಾರ ಬಟ್ಟೆ ಹಿಂಡುವುದನ್ನಾದರೂ ಮನೆಯ ಬೇರೆಯವರು ವಹಿಸಿಕೊಳ್ಳದಿದ್ದರೆ ಯಾವ ಫಿಸಿಯೋಥೆರಪಿಯೂ ಫಲ ಕೊಡದು.

ಕಂಪನದ ಕೈ

ಸುಣ್ಣಕಲ್ಲಿನ ಮಾತು ಬಂದದ್ದರಿಂದ ಇನ್ನೊಂದು ದೇಶದ ಸುಣ್ಣಕಲ್ಲಿನ ಕಥೆಯನ್ನೂ ಹೇಳಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನಲ್ಲಿ ಸುಣ್ಣಕಲ್ಲು ಕೆತ್ತುವವರು ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆ ಬಳಸುತ್ತಿದ್ದರು. ಚಳಿಯ ಬೆಳಗ್ಗೆ ಅವರ ಬೆರಳುಗಳು ಬಿಳುಚಿ ಹೆಣದ ಬೆರಳಿನಂತಾಗುತ್ತಿದ್ದವು. 1918ರಲ್ಲಿ ಡಾ. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಲ್ಲಿಗೆ ಹೋಗಿ ಅವರನ್ನು ಪರೀಕ್ಷಿಸಿದರು. ಯಂತ್ರದ ಕಂಪನ, ಬಿಗಿ ಹಿಡಿತ, ಚಳಿ, ಈ ಮೂರೂ ಸೇರಿ ಬೆರಳಿನ ರಕ್ತನಾಳಗಳು ಕುಗ್ಗುತ್ತವೆ ಎಂದು ಅವರು ವರದಿ ಮಾಡಿದರು.

ನಮಗೆ ಇದರಿಂದೇನು ಎನ್ನಬೇಡಿ. ಕಳೆ ಹೊಡೆಯುವ ಯಂತ್ರ ಈಗ ನಮ್ಮ ಪ್ರತಿ ಊರಿನಲ್ಲಿದೆ. ಮರ ಸವರುವ ಯಂತ್ರಗರಗಸವೂ ಇದೆ. ಕಂಪನ, ಬಿಗಿ ಹಿಡಿತ, ಮಳೆಯ ಥಂಡಿ, ಮೂರೂ ನಮ್ಮಲ್ಲಿ ಸೇರುತ್ತವೆ. ಯಂತ್ರ ಹಿಡಿಯುವ ಹುಡುಗರ ಬೆರಳ ತುದಿ ಚಳಿಗೆ ಬೆಳ್ಳಗಾಗುತ್ತಿದೆಯೇ, ಯಂತ್ರ ಇಳಿಸಿದ ಮೇಲೂ ಬಹಳ ಹೊತ್ತು ಜುಮುಜುಮು ಉಳಿಯುತ್ತಿದೆಯೇ ಎಂದು ಕೇಳಬೇಕು. ಹೌದೆಂದರೆ ಆ ಕೆಲಸವನ್ನು ಇಳಿಸಿ ವೈದ್ಯರಿಗೆ ತೋರಿಸಬೇಕು. ಈ ರೋಗ ಬಲಿತ ಮೇಲೆ ಹಿಂದಿರುಗುವುದು ಕಷ್ಟ. ಮೊಂಡಾದ, ಸಮತೋಲ ತಪ್ಪಿದ ಅಲಗಿನಿಂದ ಕಂಪನ ಹೆಚ್ಚುತ್ತದೆ. ಯಂತ್ರವನ್ನು ಸುಸ್ಥಿತಿಯಲ್ಲಿಟ್ಟು, ಒಬ್ಬರೇ ದಿನವಿಡೀ ಹಿಡಿಯದೆ ಇಬ್ಬರು ಸರದಿಯಲ್ಲಿ ಹಿಡಿದು, ಕೈ ಬೆಚ್ಚಗೆ ಒಣಗಿರುವಂತೆ ನೋಡಿಕೊಳ್ಳಬೇಕು. ಬೀಡಿ, ಸಿಗರೇಟು ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತವೆ.

ನಮ್ಮ ಅಂಗಳದಲ್ಲಿ ಮಾಡಬಹುದಾದದ್ದು

ಸೇಡಂನ ಕೋಣೆಯಲ್ಲಿ ಕಲಿತದ್ದನ್ನು ನಮ್ಮ ತೋಟಕ್ಕೆ ಹೊಂದಿಸಿಕೊಂಡರೆ ಹೀಗಾಗುತ್ತದೆ. ಮೆಟ್ಟುಗತ್ತಿ, ಕತ್ತರಿ, ಕುಡುಗೋಲು ಯಾವಾಗಲೂ ಹರಿತವಾಗಿರಲಿ. ಮೊಂಡು ಅಲಗಿಗೆ ಕೊಡುವ ಹೆಚ್ಚಿನ ಬಲ ಮಣಿಕಟ್ಟಿನಿಂದ ಬರುತ್ತದೆ. ಹಿಡಿ ತೀರ ಸಣ್ಣದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ದಪ್ಪ ಮಾಡಿ. ಒಂದೂಕಾಲು ಒಂದೂವರೆ ಇಂಚು ದಪ್ಪದ ಹಿಡಿ ಹೆಚ್ಚಿನವರ ಕೈಗೆ ಒಗ್ಗುತ್ತದೆ. ಸುಲಿಯುವವರು ಕೂರುವ ಮಣೆಯ ಎತ್ತರವನ್ನು, ಮಣಿಕಟ್ಟು ಮಡಿಯದೆ ನೆಟ್ಟಗೆ ಬರುವಂತೆ ಹೊಂದಿಸಿ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಕೈ ಬಿಡಿಸಿ. ಸುಲಿಯುವವರು, ಆರಿಸುವವರು, ಹರಡುವವರು ದಿನದಲ್ಲಿ ಒಂದೆರಡು ಸಲ ಕೆಲಸ ಬದಲಿಸಿಕೊಳ್ಳಲಿ. ಕಾಫಿ ಹಣ್ಣು ಕುಯ್ಯುವಾಗ ತುಂಬಿದ ಚೀಲವನ್ನು ಒಂದೇ ಕೈಯಲ್ಲಿ ಬೆರಳ ತುದಿಯಿಂದ ಎಳೆಯದೆ ಇಬ್ಬರು ಹಿಡಿದು ಎತ್ತಲಿ.

ಇಷ್ಟನ್ನು ಬರೆದು ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಸುಲಿತಕ್ಕೂ ಕುಯ್ಲಿಗೂ ನಾವು ಕೂಲಿ ಕೊಡುವುದು ಹೆಚ್ಚಾಗಿ ಕೆ.ಜಿ. ಲೆಕ್ಕದಲ್ಲಿ. ಎರಡು ನಿಮಿಷ ಕೈ ಬಿಡಿಸಿದರೆ ಆ ಎರಡು ನಿಮಿಷದ ಕೂಲಿ ಹೋಯಿತು. ಹೀಗಿರುವಾಗ ‘ನಡುವೆ ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಉಪದೇಶ ಮಾಡುವುದು ಸುಲಭ, ಪಾಲಿಸುವುದು ಕಷ್ಟ. 1951ರಲ್ಲಿ ಬಂದ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ ಆಸ್ಪತ್ರೆ, ಔಷಧಿಯ ಹೊಣೆ ಹೊರಿಸಿತು. ಎರಡು ಮೂರು ಎಕರೆಯ ನಮ್ಮ ತೋಟಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಬರಲಿಲ್ಲವೆಂದು ನಮ್ಮ ಹೊಣೆ ತಪ್ಪಿತೇ? ಚಹಾ ಕುಡಿಯುವ ಹೊತ್ತನ್ನಲ್ಲದೆ ಇನ್ನೆರಡು ಸಣ್ಣ ಬಿಡುವನ್ನು ಕೂಲಿಯ ಲೆಕ್ಕದಲ್ಲೇ ಸೇರಿಸಿಕೊಡುವುದು ನಮ್ಮಿಂದ ಆಗದ ಕೆಲಸವಲ್ಲ. ಸಂಘದ ಮೂಲಕ ಸುಲಿಯುವ ಯಂತ್ರವನ್ನು ಬಾಡಿಗೆಗೆ ಒದಗಿಸುವಾಗ, ಮೊದಲ ಸರದಿಯನ್ನು ಕೈನೋವಿನವರಿರುವ ಮನೆಗೆ ಕೊಡಬಹುದಲ್ಲವೇ ಎಂಬ ಸಲಹೆಯನ್ನೂ ಇಲ್ಲಿ ಇಡುತ್ತಿದ್ದೇವೆ. ಸದಸ್ಯರು ಮುಂದಿನ ಸಭೆಯಲ್ಲಿ ಚರ್ಚಿಸಬೇಕು.

ಹಾಸುಗಲ್ಲಿನ ವಿಚಾರವನ್ನು, ಅಳತೆ, ದರಗಳ ಸಹಿತ ಬೇರೆಯಾಗಿ ತಿಳಿಸುತ್ತೇವೆ. ಊರಿಗೆ ಮರಳಿದ ಮೇಲೆ ನಾವು ಮೊದಲು ಹೋದದ್ದು ಆ ಸದಸ್ಯರ ಮನೆಗೆ. ಕಲಿತು ಬಂದ ವ್ಯಾಯಾಮವನ್ನು ತೋರಿಸಿದೆವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಒಪ್ಪಿಗೆ ಪಡೆದು, ಈಗ ಆಕೆ ಹತ್ತಿರದ ಪೇಟೆಯಲ್ಲಿ ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಹೋಗುತ್ತಿದ್ದಾರೆ. ಚೊಂಬನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಗುಂಡಿ ಹಾಕಲು ಬರುತ್ತಿದೆ. ಮೆಟ್ಟುಗತ್ತಿಯ ಮುಂದೆ ಇನ್ನು ಕೂರುವುದಿಲ್ಲ.

‘ನನ್ನ ವಿಷಯ ಬರೆಯಿರಿ, ಹೆಸರು ಬೇಡ’ ಎಂದರು ಆಕೆ. ‘ಈ ಸಲ ಸುಲಿಯಲು ಬಂದ ಹುಡುಗಿ ಆಗಲೇ ಕೈ ಕೊಡವುತ್ತಿದ್ದಳು. ಅವಳಿಗೆ ಓದಿ ಹೇಳಬೇಕು.’